ಕಬ್ಬಿಣದ ನೇಗಿಲು ಮತ್ತು ಲಕ್ಷ್ಮಣರಾವ್ ಕಿರ್ಲೋಸ್ಕರ: ಯಂತ್ರದ ದೋಷ ಸುಲಭ, ಮನಸ್ಸಿನ ದೋಷ ಕಠಿಣ

ಖಂಡೇರಾಜುರಿ (ಮಿರಜ): ಮಿರಜ ತಾಲೂಕಿನ ಖಂಡೇರಾಜುರಿ ಕಡೆ ದನ ಕಟ್ಟಿದ ಮನೆಗಳಿಗೆ ಕಡಬಾಕುಟ್ಟಿ ಯಂತ್ರ ಹೊಸದೇನಲ್ಲ. ಕನ್ನಡ ಮಾತಾಡುವವರು ಕಣಿಕಿ ಎನ್ನುತ್ತಾರೆ, ಮರಾಠಿಯವರು ಕಡಬಾ ಎನ್ನುತ್ತಾರೆ, ದನಕ್ಕೆ ಎರಡೂ ಒಂದೇ. ಯಂತ್ರದ ಅಲಗು ಮೊಂಡಾದರೆ ಮನೆಯವರೇ ಬೋಲ್ಟ್ ಬಿಚ್ಚುತ್ತಾರೆ. ಸಾಣೆ ಹಿಡಿಸಿ ಮತ್ತೆ ಕೂಡಿಸುತ್ತಾರೆ. ಸಂಜೆಯ ಮೇವಿಗೆ ತೊಂದರೆ ಇಲ್ಲ.

ಅದೇ ಮನೆಯ ಮೊಬೈಲು ಕೈಕೊಟ್ಟರೆ ಮಾತ್ರ ಬೇರೆ ಕಥೆ. ಮಿರಜಿಗೆ ಹೋಗಬೇಕು. ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, ಸಾಫ್ಟ್‌ವೇರ್ ದೋಷ ಎಂದುಬಿಟ್ಟರೆ ಮುಗಿಯಿತು. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಕೆಲವೊಮ್ಮೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ, ಕೆಲವೊಮ್ಮೆ ಫೋನನ್ನೇ ಬದಲಾಯಿಸಬೇಕಾಗುತ್ತದೆ.

ಯಾವ ದೋಷ ಸುಲಭವಾಗಿ ತಿದ್ದಲು ಬರುತ್ತದೆ, ಯಾವುದು ಬರುವುದಿಲ್ಲ? ಇದು ಕಂಪ್ಯೂಟರ್ ಕಾಲದ ಪ್ರಶ್ನೆ ಎಂದು ತಿಳಿದರೆ ತಪ್ಪು. ನೂರು ವರ್ಷಕ್ಕೂ ಹಿಂದೆ ಇದೇ ಗಡಿ ಭಾಗದಲ್ಲಿ ಒಬ್ಬ ವ್ಯಕ್ತಿ ತನ್ನ ಇಡೀ ಬಾಳನ್ನು ಈ ಪ್ರಶ್ನೆಯ ಜೊತೆಗೇ ಕಳೆದ. ಹುಟ್ಟಿದ್ದು ಬೆಳಗಾವಿ ಜಿಲ್ಲೆಯಲ್ಲಿ, ಹೆಸರು ಮಾಡಿದ್ದು ಇಂದಿನ ಸಾಂಗಲಿ ಜಿಲ್ಲೆಯಲ್ಲಿ. ಅವರೇ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ.

ಕಣ್ಣಿನ ದೋಷದಿಂದ ಆರಂಭ

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಭಾಗದ ಗುರ್ಲಹೊಸೂರಿನಲ್ಲಿ. ಊರ ತುಂಬ ಕನ್ನಡ, ಮನೆಯೊಳಗೆ ಮರಾಠಿ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು ಎಂಬುದು ವಿಶೇಷ. ತಂದೆ ಕಾಶಿನಾಥಪಂತರು ವೇದಾಂತದ ಓದಿನಲ್ಲಿ ಮುಳುಗಿದವರು. ಮಗನಿಗೆ ಪುಸ್ತಕದ ಮೇಲೆ ಮನಸ್ಸಿಲ್ಲ. ಅವನ ಜೀವವೆಲ್ಲ ಚಿತ್ರ ಬಿಡಿಸುವುದರಲ್ಲಿ ಮತ್ತು ಯಂತ್ರ ಬಿಚ್ಚಿ ನೋಡುವುದರಲ್ಲಿ.

ತಂದೆಗೆ ಒಪ್ಪಿಗೆ ಇರಲಿಲ್ಲ. ಆದರೂ ಅಣ್ಣ ರಾಮುಅಣ್ಣಾ ಅವರ ನೆರವಿನಿಂದ 1885ರಲ್ಲಿ ಲಕ್ಷ್ಮಣರಾಯರು ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಚಿತ್ರಕಾರ ಆಗಬೇಕೆಂದು ಹೋದ ಹುಡುಗನಿಗೆ ಅಲ್ಲಿ ಗೊತ್ತಾದ ಸಂಗತಿ ಬೇರೆಯೇ. ಅವನ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ!

ಹುಟ್ಟಿನಿಂದ ಬಂದ ಈ ದೋಷಕ್ಕೆ ಆಗ ಔಷಧ ಇರಲಿಲ್ಲ, ಇಂದಿಗೂ ಸರಿಯಾದ ಔಷಧ ಇಲ್ಲ. ಇಲ್ಲಿಗೆ ಎಲ್ಲ ಮುಗಿಯಿತೆಂದು ಊರಿಗೆ ಮರಳಬಹುದಿತ್ತು. ಲಕ್ಷ್ಮಣರಾಯರು ಹಾಗೆ ಮಾಡಲಿಲ್ಲ. ಬಣ್ಣದ ಚಿತ್ರ ಬಿಟ್ಟು ಯಂತ್ರಗಳ ನಕ್ಷೆ ಬರೆಯುವ ವಿದ್ಯೆ ಹಿಡಿದರು. ನಕ್ಷೆಗೆ ಬಣ್ಣ ಬೇಕಿಲ್ಲ, ಗೆರೆ ಮತ್ತು ಅಳತೆ ಸಾಕು. ಕಣ್ಣು ಹಾಗೆಯೇ ಉಳಿಯಿತು, ಕೆಲಸ ಬದಲಾಯಿತು. ತಿದ್ದಲಾಗದ ದೋಷವನ್ನು ಬಳಸಿಕೊಂಡು ಹೋಗುವ ಈ ದಾರಿ ಅವರಿಗೆ ಮುಂದೆಯೂ ಹಲವು ಸಲ ನೆರವಿಗೆ ಬಂತು.

ಆ ನಕ್ಷೆಯ ವಿದ್ಯೆಯಿಂದಲೇ ಮುಂಬೈಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಸಹಾಯಕ ಶಿಕ್ಷಕರ ನೌಕರಿ ಸಿಕ್ಕಿತು. ಬಿಡುವಿನ ವೇಳೆಯಲ್ಲಿ ಕಾರ್ಖಾನೆಗಳಿಗೆ ಹೋಗಿ ಯಂತ್ರಗಳು ಹೇಗೆ ಓಡುತ್ತವೆ, ಯಾಕೆ ನಿಲ್ಲುತ್ತವೆ ಎಂದು ನೋಡಿದರು. ಪುಸ್ತಕದಲ್ಲಿ ಸಿಗದ ಪಾಠ ಅಲ್ಲಿ ಸಿಕ್ಕಿತು.

ಬೆಳಗಾವಿಯ ಸೈಕಲ್ ಅಂಗಡಿ

1888ರಲ್ಲಿ ಬೆಳಗಾವಿಯಲ್ಲಿ ಅಣ್ಣ ತಮ್ಮಂದಿರ ಹೆಸರಿನಲ್ಲಿ ಒಂದು ಸಣ್ಣ ಸೈಕಲ್ ಅಂಗಡಿ ಆರಂಭವಾಯಿತು. ಲಕ್ಷ್ಮಣರಾಯರು ಮುಂಬೈಯಲ್ಲಿ ಸೈಕಲ್ ಕೊಂಡು ಕಳಿಸುವುದು, ರಾಮುಅಣ್ಣಾ ಬೆಳಗಾವಿಯಲ್ಲಿ ಮಾರುವುದು. ಸೈಕಲ್ ಎಂಬುದನ್ನೇ ಜನ ನೋಡಿರದ ಕಾಲ. ಮಾರಿದರಷ್ಟೇ ಸಾಲದು, ಹತ್ತಲು ಕಲಿಸಬೇಕು, ಕೆಟ್ಟಾಗ ರಿಪೇರಿ ಮಾಡಿಕೊಡಬೇಕು. ರಾಮುಅಣ್ಣಾ ಗಿರಾಕಿಗಳಿಗೆ ಸೈಕಲ್ ಹೊಡೆಯಲು ಸ್ವತಃ ಕಲಿಸುತ್ತಿದ್ದರು.

ಅತ್ತ ಮುಂಬೈಯಲ್ಲಿ ಇನ್ನೊಂದು ಪೆಟ್ಟು ಬಿತ್ತು. ಲಕ್ಷ್ಮಣರಾಯರಿಗೆ ಸಿಗಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ ವ್ಯಕ್ತಿಯ ಪಾಲಾಯಿತು. ಈ ದೋಷ ಯಾವ ಯಂತ್ರದ್ದೂ ಅಲ್ಲ, ಆಗಿನ ಆಡಳಿತದ್ದು. ಒಬ್ಬ ಶಿಕ್ಷಕ ಅರ್ಜಿ ಬರೆದು ಅದನ್ನು ತಿದ್ದುವುದು ಆಗದ ಮಾತು. ರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಆ ಬಡ್ತಿ ಸಿಕ್ಕಿದ್ದರೆ ಬಹುಶಃ ಕಿರ್ಲೋಸ್ಕರ ಎಂಬ ಹೆಸರು ಮುಂಬೈಯ ಒಂದು ಹಾಜರಿ ಪುಸ್ತಕದಲ್ಲೇ ಉಳಿದುಹೋಗುತ್ತಿತ್ತು.

ಬೆಳಗಾವಿಯಲ್ಲಿ ಸೈಕಲ್ ಅಂಗಡಿಯ ಪಕ್ಕದಲ್ಲೇ ಸಣ್ಣ ಕಾರ್ಖಾನೆ ಬೆಳೆಯಿತು. ಮೊದಲು ಕಣಿಕಿ ಕತ್ತರಿಸುವ ಯಂತ್ರ, ನಂತರ ಕಬ್ಬಿಣದ ನೇಗಿಲು. ರೈತನಿಗೆ ಬೇಕಾದದ್ದನ್ನು ರೈತನ ಹತ್ತಿರದಲ್ಲೇ ತಯಾರಿಸಬೇಕು, ಅದಕ್ಕಾಗಿ ವಿಲಾಯತಿಯ ಹಡಗಿನ ದಾರಿ ಕಾಯಬಾರದು ಎಂಬುದು ಅವರ ನಿಲುವು.

ಕಟ್ಟಿಗೆಯ ನೇಗಿಲಿನ ದೋಷ ಏನು?

ದೇಶಿ ಕಟ್ಟಿಗೆ ನೇಗಿಲು ಸಾವಿರಾರು ವರ್ಷ ಈ ದೇಶಕ್ಕೆ ಅನ್ನ ಹಾಕಿದೆ. ಅದನ್ನು ಹೀಯಾಳಿಸುವುದು ಸರಿಯಲ್ಲ. ಆದರೆ ಅದಕ್ಕೊಂದು ಮಿತಿ ಇದೆ. ಅದು ಮಣ್ಣನ್ನು ಸೀಳುತ್ತದೆ, ಮಗುಚುವುದಿಲ್ಲ. ಎರಡು ಸಾಲುಗಳ ನಡುವೆ ಉಳುಮೆಯಾಗದ ದಿಂಡು ಉಳಿದುಬಿಡುತ್ತದೆ. ಅದಕ್ಕೇ ರೈತ ಉದ್ದಕ್ಕೂ ಅಡ್ಡಕ್ಕೂ ಎರಡೆರಡು ಸಲ ಹೊಡೆಯಬೇಕು. ಎರಿ ಭೂಮಿಯಲ್ಲಿ ಕರಿಕೆ ಹಬ್ಬಿದರಂತೂ ಕೇಳುವುದೇ ಬೇಡ. ಮರಾಠಿಯಲ್ಲಿ ಹರಳಿ ಎನ್ನುವ ಈ ಕಳೆಯ ಬೇರು ಆಳಕ್ಕೆ ಇಳಿಯುತ್ತದೆ. ಕಟ್ಟಿಗೆ ನೇಗಿಲು ಅದನ್ನು ತುಂಡು ಮಾಡುತ್ತದೆ, ಒಂದೊಂದು ತುಂಡೂ ಮತ್ತೆ ಚಿಗುರುತ್ತದೆ.

ಕಬ್ಬಿಣದ ನೇಗಿಲಿನ ಕುಳದ ಹಿಂದೆ ಬಾಗಿದ ಒಂದು ಹಲಗೆ ಇರುತ್ತದೆ. ಕುಳ ಕೊಯ್ದ ಮಣ್ಣಿನ ಹೋಳು ಈ ಹಲಗೆಯ ಮೇಲೆ ಹತ್ತಿ ತಲೆಕೆಳಗಾಗಿ ಬೀಳುತ್ತದೆ. ಅಡಿಯ ಮಣ್ಣು ಮೇಲೆ ಬರುತ್ತದೆ, ಕರಿಕೆಯ ಬೇರು ಬೇಸಿಗೆಯ ಬಿಸಿಲಿಗೆ ಒಣಗಿ ಸಾಯುತ್ತದೆ. ವಿಲಾಯತಿಯ ಇಂಥ ನೇಗಿಲುಗಳು ಆಗಲೇ ಹಿಂದುಸ್ತಾನಕ್ಕೆ ಬಂದಿದ್ದವು. ಲಕ್ಷ್ಮಣರಾಯರು ಅದನ್ನು ಇಲ್ಲಿಯೇ ತಯಾರಿಸಲು ಹೊರಟರು.

ನೇಗಿಲು ಸಿದ್ಧವಾಯಿತು. ಕೊಳ್ಳುವವರೇ ಇಲ್ಲ! ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ, ಬೆಳೆ ಬರುವುದಿಲ್ಲ ಎಂಬ ನಂಬಿಕೆ ರೈತರಲ್ಲಿ ಗಟ್ಟಿಯಾಗಿ ಕೂತಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷವೆಂದರೆ ಎರಡು ಮುಂಗಾರು, ಎರಡು ಹಿಂಗಾರು. ಅಷ್ಟು ದಿನ ಮಾರಾಟವಾಗದ ಕಬ್ಬಿಣ ನೋಡುತ್ತಾ ಕೂಲಿ ಕೊಡುತ್ತಾ ಕೂಡುವುದಕ್ಕೆ ಎಂಥ ಗುಂಡಿಗೆ ಬೇಕು ಎಂಬುದನ್ನು ಅಂಗಡಿ ಇಟ್ಟವರೇ ಹೇಳಬೇಕು.

ರೈತನ ಅಂಜಿಕೆಯಲ್ಲೂ ಅರ್ಥ ಇತ್ತು

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ರೈತನ ಮೂಢನಂಬಿಕೆಯನ್ನು ತೋರಿಸಿ ನಕ್ಕು ಮುಂದೆ ಹೋಗುತ್ತಾರೆ. ಸ್ವಲ್ಪ ನಿಂತು ನೋಡಿದರೆ ಬೇರೆ ಸಂಗತಿಯೂ ಕಾಣುತ್ತದೆ.

ಕಟ್ಟಿಗೆ ನೇಗಿಲು ಮುರಿದರೆ ಊರಲ್ಲೇ ಬಡಿಗ ಇದ್ದ, ಕಂಬಾರ ಇದ್ದ. ಮರಾಠಿ ಸೀಮೆಯ ಬಾರಾ ಬಲುತೇದಾರರಲ್ಲಿ ಇವರೂ ಸೇರಿದವರು. ಕನ್ನಡ ಸೀಮೆಯಲ್ಲಿ ಆಯಗಾರರು ಎನ್ನುತ್ತಾರೆ. ರೈತ ರೊಕ್ಕ ಕೊಡಬೇಕಿಲ್ಲ, ರಾಶಿಯ ಕಾಲಕ್ಕೆ ಕಾಳು ಅಳೆದು ಕೊಟ್ಟರೆ ವರ್ಷವಿಡೀ ರಿಪೇರಿ. ಮಳೆ ಬಿದ್ದ ದಿನ ನೇಗಿಲು ಮುರಿದರೂ ಸಂಜೆಯೊಳಗೆ ಸರಿಯಾಗುತ್ತಿತ್ತು. ದೋಷ ತಿದ್ದುವ ವ್ಯವಸ್ಥೆ ಊರೊಳಗೇ ಇತ್ತು.

ಎರಕದ ಕಬ್ಬಿಣ ಹಾಗಲ್ಲ. ಅದು ಗಟ್ಟಿ, ಆದರೆ ಪೆಡಸು. ಕಲ್ಲಿಗೆ ಬಡಿದರೆ ಬಾಗುವುದಿಲ್ಲ, ಮುರಿಯುತ್ತದೆ. ಕಂಬಾರ ಅದನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಜೋಡಿಸಲಾರ. ಹೊಸ ಭಾಗವೇ ಬೇಕು. ಜೊತೆಗೆ ನೇಗಿಲು ಭಾರ, ಆಳದ ಉಳುಮೆಗೆ ಒಂದೇ ಜೋಡಿ ಎತ್ತು ಸಾಲದು. ಹೀಗಿರುವಾಗ ಹೆಸರು ಕೇಳದ ಕಾರ್ಖಾನೆಯ ವಸ್ತುವನ್ನು ನಂಬಿ ಹಂಗಾಮು ಹಾಳು ಮಾಡಿಕೊಳ್ಳಲು ಯಾವ ರೈತ ಮುಂದೆ ಬರುತ್ತಾನೆ? ಭೂಮಿಗೆ ವಿಷ ಎಂಬ ಮಾತಿನ ಅಡಿಯಲ್ಲಿ, ಕೆಟ್ಟರೆ ಸರಿ ಮಾಡುವವರು ಯಾರು ಎಂಬ ನ್ಯಾಯವಾದ ಪ್ರಶ್ನೆಯೂ ಇತ್ತು.

ಆ ಪ್ರಶ್ನೆಗೆ ಉತ್ತರ ನೇಗಿಲಿನ ರಚನೆಯಲ್ಲೇ ಇರಬೇಕು. ಮಣ್ಣಿನಲ್ಲಿ ಹೆಚ್ಚು ಸವೆಯುವುದು ಕುಳ. ಕುಳವನ್ನು ಬೋಲ್ಟ್ ಹಾಕಿ ಕೂಡಿಸಿದರೆ ಸವೆದಾಗ ಅಷ್ಟನ್ನೇ ಬಿಚ್ಚಿ ಬೇರೆ ಹಾಕಬಹುದು, ಇಡೀ ನೇಗಿಲು ಬದಲಿಸಬೇಕಿಲ್ಲ. ಆದರೆ ಹೊಸ ಕುಳ ಹಳೆಯದರ ಜಾಗದಲ್ಲಿ ಸರಿಯಾಗಿ ಕೂಡಬೇಕು. ತೂತು ನೂಲಿನಷ್ಟು ಆಚೀಚೆ ಆದರೂ ಬೋಲ್ಟ್ ಹೋಗುವುದಿಲ್ಲ. ಅಂದರೆ ಇಂದು ಮಾಡಿದ ಕುಳವೂ ಐದು ವರ್ಷದ ಹಿಂದೆ ಮಾಡಿದ ಕುಳವೂ ಒಂದೇ ಅಳತೆಯದಾಗಿರಬೇಕು. ಮುಂಬೈಯಲ್ಲಿ ಕಲಿತ ನಕ್ಷೆಯ ವಿದ್ಯೆಗೆ ಬೆಲೆ ಬಂದದ್ದು ಇಂಥಲ್ಲಿ.

ಅಚ್ಚಿನಲ್ಲಿ ತಪ್ಪಿದ್ದರೆ...

ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಕಡೆಯ ಫೌಂಡ್ರಿಗಳಲ್ಲಿ ದುಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಎರಕ ಹೊಯ್ಯುವ ಮೊದಲು ಕಟ್ಟಿಗೆಯಲ್ಲಿ ಒಂದು ಮಾದರಿ ಮಾಡುತ್ತಾರೆ. ಅದಕ್ಕೆ ಪ್ಯಾಟರ್ನ್ ಎನ್ನುತ್ತಾರೆ. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು ಬೀಳುತ್ತದೆ. ಕರಗಿದ ಕಬ್ಬಿಣ ಅದರೊಳಗೆ ಹೊಯ್ದರೆ ಭಾಗ ಸಿದ್ಧ. ಒಂದು ಪ್ಯಾಟರ್ನಿನಿಂದ ನೂರಾರು ಭಾಗ.

ಪ್ಯಾಟರ್ನಿನಲ್ಲಿ ತಪ್ಪಿದ್ದರೆ? ಆ ತಪ್ಪು ನೂರಾರು ನೇಗಿಲಿಗೂ ಹೋಗುತ್ತದೆ. ಆದರೆ ತಪ್ಪು ಗೊತ್ತಾದರೆ ತಿದ್ದುವುದು ಸುಲಭ. ಬಡಗಿ ಕಟ್ಟಿಗೆಯ ಮಾದರಿಯನ್ನು ಒಂದಿಷ್ಟು ಕೆತ್ತಿದರೆ ಅಥವಾ ಚೂರು ಹಚ್ಚಿದರೆ ಸಾಕು, ಮರುದಿನದಿಂದ ಬರುವ ಎಲ್ಲ ಎರಕವೂ ಸರಿ. ಕಷ್ಟ ಇರುವುದು ಈಗಾಗಲೇ ಮಾರಿ ಹೊಲಕ್ಕೆ ಹೋದ ನೇಗಿಲುಗಳಲ್ಲಿ. ಅವು ಎಲ್ಲಿವೆ, ಯಾರ ಹತ್ತಿರ ಇವೆ ಎಂದು ಗೊತ್ತಿರಬೇಕು. ಅವರಿಗೆ ಸರಿಯಾದ ಭಾಗ ಮುಟ್ಟಬೇಕು.

ಇಂದಿನ ಸಾಫ್ಟ್‌ವೇರ್ ಕಥೆಯೂ ಇದೇ. ಪ್ರೋಗ್ರಾಂ ಎಂಬುದು ಒಂದು ಪ್ಯಾಟರ್ನ್. ಅದರಲ್ಲಿ ಒಂದು ಸಾಲು ತಪ್ಪಾದರೆ ಲಕ್ಷಾಂತರ ಫೋನಿನಲ್ಲಿ ಅದೇ ತಪ್ಪು. ತಿದ್ದಿದ ಸಾಲನ್ನು ರಾತ್ರೋರಾತ್ರಿ ಅಷ್ಟೂ ಫೋನಿಗೆ ಕಳಿಸಬಹುದು. ನೇಗಿಲಿನ ಕಾಲದಲ್ಲಿ ರೈಲು, ಚಕ್ಕಡಿ ಮೇಲೆ ಹೋಗುತ್ತಿದ್ದ ಕುಳ ಈಗ ಗಾಳಿಯಲ್ಲಿ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಆದರೆ ತಪ್ಪು ಎಲ್ಲಿದೆ ಎಂದು ಹುಡುಕುವ ಕಷ್ಟ ಕಡಿಮೆಯಾಗಿಲ್ಲ.

2000ನೇ ಇಸವಿ ಬರುವ ಮುಂಚೆ ಜಗತ್ತನ್ನೇ ಹೆದರಿಸಿದ ವೈಟುಕೆ ಸಮಸ್ಯೆ ಹಲವರಿಗೆ ನೆನಪಿರಬಹುದು. ಹಳೆಯ ಪ್ರೋಗ್ರಾಂಗಳಲ್ಲಿ ಇಸವಿಯ ಕೊನೆಯ ಎರಡೇ ಅಂಕಿ ಬರೆಯುತ್ತಿದ್ದರು. 2000 ಬಂದರೆ ಕಂಪ್ಯೂಟರ್ ಅದನ್ನು 1900 ಎಂದು ತಿಳಿಯುವ ಅಪಾಯ ಇತ್ತು. ಎರಡು ಅಂಕಿಯ ಜಾಗದಲ್ಲಿ ನಾಲ್ಕು ಬರೆಯುವುದು ಮಕ್ಕಳಾಟ. ಅದು ಎಲ್ಲೆಲ್ಲಿ ಅಡಗಿದೆ ಎಂದು ಬ್ಯಾಂಕು, ವಿಮಾನ, ವಿಮೆ ಕಂಪನಿಗಳ ಲಕ್ಷಾಂತರ ಸಾಲುಗಳಲ್ಲಿ ಹುಡುಕಲು ವರ್ಷಗಳು ಹಿಡಿದವು. ಬೆಂಗಳೂರು, ಪುಣೆಯ ಎಷ್ಟೋ ಹುಡುಗರಿಗೆ ಅದರಿಂದಲೇ ಕೆಲಸ ಸಿಕ್ಕಿತು ಎಂಬುದು ಬೇರೆ ಮಾತು.

ಪಾಪಾಸುಕಳ್ಳಿಯ ಬಯಲಿನಲ್ಲಿ ಊರು

ನೇಗಿಲು ನಿಧಾನಕ್ಕೆ ಹೋಗಲು ಆರಂಭಿಸಿದಾಗ ಬೆಳಗಾವಿಯಲ್ಲಿ ಕಾರ್ಖಾನೆಯ ಜಾಗಕ್ಕೇ ಕುತ್ತು ಬಂತು. ನಗರಪಾಲಿಕೆಯ ನಿರ್ಬಂಧಗಳಿಂದ ಅಲ್ಲಿ ಮುಂದುವರಿಯುವುದು ಅಸಾಧ್ಯವಾಯಿತು. 1910ರ ಜನವರಿಯಲ್ಲಿ ಲಕ್ಷ್ಮಣರಾಯರ ಕೈಯಲ್ಲಿ ಯಂತ್ರಗಳಿದ್ದವು, ಕೆಲಸಗಾರರಿದ್ದರು, ಇಡಲು ಜಾಗ ಇರಲಿಲ್ಲ.

ಆಗ ಕೈಹಿಡಿದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿ. ಸೂರ್ಯ ನಮಸ್ಕಾರವನ್ನು ಮನೆಮನೆಗೆ ಮುಟ್ಟಿಸಿದ ಅರಸ ಇವರೇ. ಔಂಧ ಸಂಸ್ಥಾನ ಒಂದೇ ಕಡೆ ಇರಲಿಲ್ಲ, ಚೂರುಚೂರಾಗಿ ಹರಡಿತ್ತು. ಆಟಪಾಡಿ, ಕುಂಡಲ ಅದಕ್ಕೆ ಸೇರಿದ್ದವು. ಇಂದಿನ ವಿಜಯಪುರ ಜಿಲ್ಲೆಯ ಗುಣದಾಳವೂ ಅದರ ಒಂದು ತುಣುಕು. ಅರಸರು ಕುಂಡಲ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಾಗ ಮತ್ತು ಬಡ್ಡಿ ಇಲ್ಲದ 10 ಸಾವಿರ ರೂಪಾಯಿ ಸಾಲ ಕೊಟ್ಟರು.

ಜಾಗ ಎಂದರೆ ಎಂಥದ್ದು? ಪಾಪಾಸುಕಳ್ಳಿ ಬೆಳೆದ ಬರಡು ಬಯಲು. ಕಳ್ಳಿಯ ಬುಡದಲ್ಲಿ ನಾಗರಹಾವು. ಲಕ್ಷ್ಮಣರಾಯರು 25 ಕೆಲಸಗಾರರನ್ನೂ ಅವರ ಕುಟುಂಬಗಳನ್ನೂ ಕರೆದುಕೊಂಡು ಅಲ್ಲಿಗೆ ಬಂದರು. ಕಳ್ಳಿ ಕಡಿದು ಮನೆ ಕಟ್ಟಿದರು, ಕಾರ್ಖಾನೆ ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ. ಇಂದು ಸಾಂಗಲಿ ಜಿಲ್ಲೆಯ ಪಲೂಸ ತಾಲೂಕಿಗೆ ಸೇರಿದೆ. ಮಿರಜದಿಂದ ಪುಣೆ ರೈಲು ಹತ್ತಿದವರಿಗೆ ಸಾಂಗಲಿ, ಭಿಲವಡಿ ದಾಟಿದ ಮೇಲೆ ಆ ಹೆಸರಿನ ನಿಲ್ದಾಣ ಸಿಗುತ್ತದೆ. ಕುಂಡಲ ರೋಡ್ ಎಂಬ ಹಳೆಯ ಹೆಸರು ಮರೆತೇ ಹೋಗಿದೆ.

ಅಲ್ಲಿ ಕೆಲಸ ಮಾಡಿದವರು ದೊಡ್ಡ ಪದವೀಧರರಲ್ಲ. ರಾಮುಅಣ್ಣಾ ಆಡಳಿತ ಹಿಡಿದರು. ಶಂಭುರಾವ ಜಾಂಭೇಕರ ಎಂಜಿನಿಯರಿಂಗ್ ನೋಡಿಕೊಂಡರು. ಮಂಗೇಶರಾವ ರೇಗೆ ಲೆಕ್ಕಪತ್ರ ಹಿಡಿದರು. ಕೆ.ಕೆ. ಕುಲಕರ್ಣಿ ಪರೀಕ್ಷೆಯಲ್ಲಿ ನಪಾಸಾದವರು, ಅನಂತರಾವ ಫಳಣೀಕರ ಶಾಲೆ ಬಿಟ್ಟವರು. ಶಾಲೆ ತಿರಸ್ಕರಿಸಿದ ಹುಡುಗರಿಂದಲೇ ಲಕ್ಷ್ಮಣರಾಯರು ಕೆಲಸ ತೆಗೆದರು. ಬಣ್ಣ ತಿಳಿಯದ ಕಣ್ಣಿನವರಿಗೆ, ಒಂದು ಕಡೆ ಕೆಲಸಕ್ಕೆ ಬಾರದವನು ಇನ್ನೊಂದು ಕಡೆ ಬಂದಾನು ಎಂಬುದು ಸ್ವಂತ ಅನುಭವದಿಂದ ಗೊತ್ತಿತ್ತು.

ಕಾನೂನಿನ ದೋಷ, ಜಾತಿಯ ದೋಷ

ಕಿರ್ಲೋಸ್ಕರವಾಡಿಯ ರಾತ್ರಿ ಕಾವಲಿಗೆ ಲಕ್ಷ್ಮಣರಾಯರು ಆರಿಸಿದವರನ್ನು ಕೇಳಿದರೆ ಯಾರಿಗೂ ಅಚ್ಚರಿ ಆಗುತ್ತದೆ. ತುಕಾರಾಮ ರಾಮೋಶಿ ಮತ್ತು ಪಿರ್ಯಾ ಮಾಂಗ, ಇಬ್ಬರೂ ಹಿಂದೆ ದರೋಡೆಕೋರರೆಂದು ಹೆಸರಾದವರು! ಬಯಲಿನ ನಡುವಿನ ಹೊಸ ಊರಿನ ಆಸ್ತಿಯನ್ನು ಅವರ ಕೈಗೆ ಒಪ್ಪಿಸಿದರು. ಅವರು ನಂಬಿಕೆ ಉಳಿಸಿಕೊಂಡರು.

ಆ ಕಾಲದ ಹಿನ್ನೆಲೆ ಗೊತ್ತಿದ್ದರೆ ಇದರ ತೂಕ ತಿಳಿಯುತ್ತದೆ. 1871ರಲ್ಲಿ ಬ್ರಿಟಿಷರು ತಂದ ಒಂದು ಕಾಯ್ದೆ ಕೆಲವು ಜಾತಿಗಳವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಬಿಟ್ಟಿತು. ನಂತರ ಮುಂಬೈ ಪ್ರಾಂತಕ್ಕೂ ಅದು ಬಂತು. ಹುಟ್ಟಿದ ಮಗುವೂ ಅಪರಾಧಿ! ಈ ಕಾಯ್ದೆ ದೇಶದಿಂದ ಪೂರ್ತಿ ಹೋದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಒಂದು ಸಹಿಯಿಂದ ಅಳಿಸಬಹುದಾದ ದೋಷಕ್ಕೆ 80 ವರ್ಷ ಹಿಡಿಯಿತು. ಕಾಯ್ದೆ ಹೋದರೂ ಹೆಸರಿನ ಕಲೆ ಎಷ್ಟೋ ಕುಟುಂಬಗಳಿಗೆ ಇನ್ನೂ ಹೋಗಿಲ್ಲ. ಕಾಗದದ ಮೇಲೆ ತಿದ್ದಿದ ಮಾತ್ರಕ್ಕೆ ಜನರ ಮನಸ್ಸಿನಲ್ಲಿ ತಿದ್ದಿದಂತಲ್ಲ.

ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಗೂ ಜಾಗ ಇಲ್ಲ ಎಂದು ಲಕ್ಷ್ಮಣರಾಯರು ನಿಷೇಧ ಹಾಕಿದರು. ಸಂವಿಧಾನ ಬಂದು ಇಡೀ ದೇಶಕ್ಕೆ ಆ ಮಾತು ಹೇಳಿದ್ದು ಎಷ್ಟೋ ವರ್ಷಗಳ ನಂತರ. 32 ಎಕರೆಯ ಹೊಸ ಊರಿನಲ್ಲಿ ಒಬ್ಬನೇ ಮನುಷ್ಯ ನಿರ್ಧರಿಸಿದರೆ ಇದು ಸಾಧ್ಯವಾಯಿತು. ಆ ಬೇಲಿಯ ಹೊರಗಿನ ಸಾವಿರಾರು ಹಳ್ಳಿಗಳಲ್ಲಿ ಅದೇ ಕೆಲಸ ಇಂದಿಗೂ ಪೂರ್ತಿ ಮುಗಿದಿಲ್ಲ. ಹೊಸದಾಗಿ ಕಟ್ಟುವಾಗ ದೋಷ ಬಾರದಂತೆ ನೋಡಿಕೊಳ್ಳುವುದು ಸುಲಭ, ಹಳೆಯದರಿಂದ ದೋಷ ತೆಗೆಯುವುದು ಕಷ್ಟ. ಕಂಪ್ಯೂಟರ್ ಎಂಜಿನಿಯರುಗಳೂ ಇದೇ ಮಾತು ಹೇಳುತ್ತಾರೆ.

ತೋಪು ಕರಗಿ ನೇಗಿಲಾಯಿತು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ವಿಲಾಯತಿಯ ಮಾಲು ಬರುವುದು ಕಡಿಮೆಯಾಗಿ ದೇಶಿ ನೇಗಿಲಿಗೆ ಬೇಡಿಕೆ ಬಂತು. ಆದರೆ ಕಬ್ಬಿಣವೇ ಸಿಗದಾಯಿತು. ಆಗ ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮಲ್ಲಿದ್ದ ಹಳೆಯ ತೋಪುಗಳನ್ನು ಕರಗಿಸಿಕೊಳ್ಳಲು ಕೊಟ್ಟರು. ಒಂದು ಕಾಲಕ್ಕೆ ಕೋಟೆ ಕಾಯ್ದ ತೋಪಿನ ಕಬ್ಬಿಣ ನೇಗಿಲಾಗಿ ರೈತನ ಹೊಲಕ್ಕೆ ಇಳಿಯಿತು.

1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ಅದೇ ವರ್ಷ ಸಹೋದರನ ಮಗ ಶಂಕರರಾವ ಕಿರ್ಲೋಸ್ಕರರು ಅಲ್ಲಿಂದ ಕಿರ್ಲೋಸ್ಕರ ಖಬರ ಎಂಬ ಪತ್ರಿಕೆ ಆರಂಭಿಸಿದರು. ಮುಂದೆ ಕಿರ್ಲೋಸ್ಕರ ಎಂಬ ಹೆಸರಿನಲ್ಲಿ ಅದು ಮರಾಠಿಯ ದೊಡ್ಡ ಮಾಸಿಕವಾಯಿತು. 1926ರಲ್ಲಿ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಮರಳಿದರು. ಅದೇ ಕಾಲಕ್ಕೆ ನೀರೆತ್ತುವ ಪಂಪು, ಡೀಸೆಲ್ ಎಂಜಿನ್ ತಯಾರಿಕೆ ಆರಂಭವಾಯಿತು. ಬಾವಿಯ ಮೇಲೆ ಮೊಟ್ಟೆ ಹೊಡೆಯುತ್ತಿದ್ದ ರೈತನಿಗೆ ಇದು ನೇಗಿಲಿಗಿಂತ ದೊಡ್ಡ ಬದಲಾವಣೆ.

ಗಾಂಧೀಜಿಯ ಒಂದು ಲಕ್ಷದ ಪಂದ್ಯ

ದೋಷ ಮತ್ತು ರಿಪೇರಿಯ ವಿಷಯದಲ್ಲಿ ಒಂದು ಸ್ವಾರಸ್ಯದ ಘಟನೆ ಇದೆ. 1929ರಲ್ಲಿ ಗಾಂಧೀಜಿಯವರ ಅಖಿಲ ಭಾರತ ಚರಕಾ ಸಂಘವು ಸುಧಾರಿಸಿದ ಚರಕ ಮಾಡಿಕೊಟ್ಟವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಆಗಿನ ಲಕ್ಷ ಎಂದರೆ ಲೆಕ್ಕ ಹಾಕಿ ನೋಡಿ. ಷರತ್ತುಗಳು ಮಾತ್ರ ಬಹಳ ಬಿಗಿ. ಚರಕ ಹಗುರ ಇರಬೇಕು. ಗುಡಿಸಲಿನಲ್ಲಿ ಹೆಣ್ಣುಮಗಳೊಬ್ಬಳು ಎಂಟು ತಾಸು ಹೆಚ್ಚು ಆಯಾಸ ಇಲ್ಲದೆ ನಡೆಸುವಂತಿರಬೇಕು. ಬೆಲೆ 150 ರೂಪಾಯಿ ಮೀರಬಾರದು. 20 ವರ್ಷ ನಿಲ್ಲದೆ ನಡೆಯಬೇಕು. ವರ್ಷದ ದುರಸ್ತಿ ಖರ್ಚು ಬೆಲೆಯ ಶೇ. 5 ದಾಟಬಾರದು.

ಹೆಚ್ಚು ನೂಲು ತೆಗೆಯುವ ಯಂತ್ರ ಮಾಡುವುದು ದೊಡ್ಡದಲ್ಲ. ಹಳ್ಳಿಯಲ್ಲಿ ಕಡಿಮೆ ಖರ್ಚಿಗೆ ದುರಸ್ತಿಯಾಗುವ ಯಂತ್ರ ಮಾಡುವುದೇ ಕಷ್ಟ ಎಂಬುದನ್ನು ಗಾಂಧೀಜಿ ಷರತ್ತಿನಲ್ಲೇ ಬರೆಸಿದ್ದರು. ಕಿರ್ಲೋಸ್ಕರವಾಡಿಯಲ್ಲಿ ತಯಾರಾದ ಚರಕವೂ ಈ ಪಂದ್ಯಕ್ಕೆ ಇಳಿಯಿತು. ಅಷ್ಟು ಹೆಸರು ಮಾಡಿದ ಕಾರ್ಖಾನೆಗೂ ಬಹುಮಾನ ಸಿಗಲಿಲ್ಲ. ಯಾರಿಗೂ ಸಿಗಲಿಲ್ಲ. ಕಬ್ಬಿಣದ ನೇಗಿಲು ಗೆದ್ದವರು ಚರಕದಲ್ಲಿ ಸೋತರು. ಅದರಿಂದ ಅವರ ಹೆಸರೇನೂ ಕಡಿಮೆಯಾಗಲಿಲ್ಲ. ಸರಳವಾಗಿ ಕಾಣುವ ವಸ್ತುವಿನ ದೋಷ ಸುಲಭವಾಗಿ ಹೋಗುತ್ತದೆ ಎಂಬ ಭ್ರಮೆ ಮಾತ್ರ ಹೋಯಿತು.

ಮುಂದೆ 1941ರಲ್ಲಿ ಹರಿಹರದಲ್ಲಿ ಲೇಥ್ ತಯಾರಿಸುವ ಮೈಸೂರು ಕಿರ್ಲೋಸ್ಕರ, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರಿನ ಕಾರ್ಖಾನೆ, ಅದೇ ವರ್ಷ ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ಬಂದವು. 1948ರಲ್ಲಿ ಔಂಧ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಆಗ ಅವರಿಗೆ 87 ವರ್ಷ. 1969ರಲ್ಲಿ ಜನ್ಮ ಶತಮಾನೋತ್ಸವದ ದಿನ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು.

ಸ್ಪ್ಯಾನರ್ ಯಾರ ಕೈಯಲ್ಲಿ?

ಕಾಲ ಒಂದು ಸುತ್ತು ತಿರುಗಿ ಮತ್ತೆ ಅದೇ ಜಾಗಕ್ಕೆ ಬಂದಿದೆ. ಹೊಸ ಟ್ರ್ಯಾಕ್ಟರುಗಳಲ್ಲಿ, ಪಂಪ್‌ಸೆಟ್ ಪ್ಯಾನೆಲ್‌ಗಳಲ್ಲಿ ಈಗ ಚಿಪ್ ಇದೆ, ಸಾಫ್ಟ್‌ವೇರ್ ಇದೆ. ಸ್ಪ್ಯಾನರ್ ಹಿಡಿದ ಊರಿನ ಮಿಸ್ತ್ರಿ, ಎರಕದ ಕಬ್ಬಿಣದ ಮುಂದೆ ನಿಂತ ಆ ಕಾಲದ ಕಂಬಾರನ ಹಾಗೆ ಕೈಕಟ್ಟಿ ನಿಲ್ಲುತ್ತಾನೆ. ದೋಷ ಚಿಕ್ಕದೇ ಇರಬಹುದು, ಬಿಚ್ಚುವ ಕೀಲಿ ಕಂಪನಿಯ ಹತ್ತಿರ ಇರುತ್ತದೆ.

ಅಮೆರಿಕದಲ್ಲಿ ರೈತರೇ ಈ ವಿಷಯಕ್ಕೆ ಹೋರಾಡಿದರು. 2023ರಲ್ಲಿ ಕೊಲೊರಾಡೋ ರಾಜ್ಯ ಕೃಷಿ ಯಂತ್ರಗಳ ದುರಸ್ತಿಗೆ ಬೇಕಾದ ಭಾಗ, ಮಾಹಿತಿ, ಸಾಫ್ಟ್‌ವೇರನ್ನು ರೈತರಿಗೂ ಬೇರೆ ಮಿಸ್ತ್ರಿಗಳಿಗೂ ಕಂಪನಿಗಳು ಕೊಡಬೇಕು ಎಂದು ಕಾನೂನು ಮಾಡಿತು. ಭಾರತದಲ್ಲಿಯೂ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಮೊದಲು ಗಮನಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ಮೊಬೈಲ್ ಫೋನಿನ ಜೊತೆ ಕೃಷಿ ಉಪಕರಣಗಳೂ ಇವೆ.

ಲಕ್ಷ್ಮಣರಾಯರ ಬಾಳನ್ನು ಒಟ್ಟಿಗೆ ನೋಡಿದರೆ ಒಂದು ಲೆಕ್ಕ ಸಿಗುತ್ತದೆ. ಸವೆದ ಕುಳ ಬದಲಿಸಲು ಒಂದು ತಾಸು. ಪ್ಯಾಟರ್ನ್ ತಿದ್ದಲು ಒಂದು ದಿನ. ರೈತನ ಅಂಜಿಕೆ ಹೋಗಲು ಎರಡು ವರ್ಷ. ಒಂದು ಕೆಟ್ಟ ಕಾನೂನು ಹೋಗಲು 80 ವರ್ಷ. ಜಾತಿಯ ದೋಷಕ್ಕೆ ಇನ್ನೂ ಲೆಕ್ಕ ಮುಗಿದಿಲ್ಲ. ತಿದ್ದುವವನು ಹತ್ತಿರ ಇದ್ದಷ್ಟೂ, ಬಳಸುವವನ ಮಾತು ಕೇಳಿದಷ್ಟೂ ಕೆಲಸ ಬೇಗ ಆಗುತ್ತದೆ. ಔಂಧದ ಅರಸರು ಕೊಟ್ಟ ಬರಡು ಬಯಲು ಅಂಥ ಹತ್ತಿರದ ಜಾಗವಾಯಿತು. ಅದರ ಸುತ್ತಲೂ ಎರಿ ಹೊಲ, ಕರಿಕೆ, ಎತ್ತು, ರೈತ.

ಖಂಡೇರಾಜುರಿಯ ಕೊಟ್ಟಿಗೆಯಲ್ಲಿ ಕಡಬಾಕುಟ್ಟಿಯ ಅಲಗು ಬಿಚ್ಚಲು ಇಂದಿಗೂ ಯಾರ ಪರವಾನಗಿಯೂ ಬೇಕಿಲ್ಲ. ಒಂದು ಸ್ಪ್ಯಾನರ್ ಸಾಕು.